ಬಾನುಲಿಯೂ ಗದ್ದಲವೂ

‘ಬಾನುಲಿ’ ಎಂಬುದು ಬಾನು, ಉಲಿ ಎಂಬ ಎರಡು ಅಚ್ಚಗನ್ನಡ ಪದಗಳು ಕೂಡಿ ಆದ ಸಮಾಸ. ಆದರೆ ಬಾನಿನಲ್ಲಿ ಉಲಿಯುವವನು ಮನುಷ್ಯನೊಬ್ಬನೇ ಅಲ್ಲ. ಮಿಂಚು ಉಲಿಯುತ್ತದೆ, ನಕ್ಷತ್ರಲೋಕ ಉಲಿಯುತ್ತದೆ, ನಮ್ಮ ಮನೆಯ ದೀಪವೂ ಉಲಿಯುತ್ತದೆ. ಇಷ್ಟರ ನಡುವೆ ದೂರದ ಹವ್ಯಾಸಿಯೊಬ್ಬನ ಕ್ಷೀಣವಾದ ದನಿಯನ್ನು ಹೆಕ್ಕಿ ತೆಗೆಯುವ ಪ್ರಯತ್ನಕ್ಕೆ ಒಂದು ಚರಿತ್ರೆಯೇ ಉಂಟು.

ನಮ್ಮ ನಾಡಿನಲ್ಲಿ ಬಾನುಲಿ ಹುಟ್ಟಿದುದೇ ಹವ್ಯಾಸದಿಂದ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಅವರ ಯಂತ್ರದ ಶಕ್ತಿ ಕೇವಲ 30 ವ್ಯಾಟ್. 40 ವ್ಯಾಟಿನ ಬಲ್ಬೊಂದು ಉರಿಯಲು ಬೇಕಾದುದಕ್ಕಿಂತಲೂ ಕಡಮೆ. ಮುಂದೆ 1990ರ ದಶಕದಲ್ಲಿ ನಮ್ಮ ಯಲಹಂಕದ ಬಳಿ ಆಕಾಶವಾಣಿ ಸ್ಥಾಪಿಸಿದ ಒಂದೊಂದು ಹ್ರಸ್ವತರಂಗ ಪ್ರೇಷಕದ ಶಕ್ತಿ 500 ಕಿಲೋವ್ಯಾಟ್. ಹವ್ಯಾಸಿಗಳಾದರೋ ಇಂದಿಗೂ ಅಲ್ಪಶಕ್ತಿಯನ್ನೇ ನೆಚ್ಚಿದವರು. ಆದುದರಿಂದ ಗದ್ದಲದ ಬಾಧೆ ಅವರಿಗೇ ಹೆಚ್ಚು.

ಈ ಗದ್ದಲದ ಮೂಲವನ್ನು ಹುಡುಕಹೊರಟವರಲ್ಲಿ ಅಮೆರಿಕದ ಕಾರ್ಲ್ ಜಾನ್ಸ್ಕಿ ಸ್ಮರಣೀಯನು. ಸಾಗರದಾಚೆಯ ದೂರವಾಣಿ ಸಂಭಾಷಣೆಗೆ ಅಡ್ಡಬರುತ್ತಿದ್ದ ಕರಕರ ಶಬ್ದವನ್ನು ಶೋಧಿಸುವುದು ಬೆಲ್ ಪ್ರಯೋಗಾಲಯದಲ್ಲಿ ಅವನಿಗೊಪ್ಪಿಸಿದ್ದ ಕೆಲಸ. 1932ರಲ್ಲಿ ಅವನು ಮೂರು ಬಗೆಗಳನ್ನು ಗುರುತಿಸಿದನು: ಹತ್ತಿರದ ಗುಡುಗು, ದೂರದ ಗುಡುಗು, ಮತ್ತು ಎಡೆಬಿಡದ ಒಂದು ಹಿಸ್ಸೆಂಬ ಸದ್ದು. ಈ ಮೂರನೆಯದು ಆಕಾಶಗಂಗೆಯಿಂದ ಬರುವುದೆಂದು 1933ರಲ್ಲಿ ಪ್ರಕಟಿಸಿದನು. ಒಬ್ಬರ ಗದ್ದಲ ಇನ್ನೊಬ್ಬರಿಗೆ ವಿದ್ಯೆಯಾಯಿತು! ನಮ್ಮಿಂದ ಉತ್ತರಕ್ಕಿರುವ ಗೌರಿಬಿದನೂರಿನ ದೂರದರ್ಶಕವು 34.5 ಮೆಗಾಹರ್ಟ್ಸ್‌ನಲ್ಲಿ ಆಲಿಸಿದ್ದು ಅದೇ ಆಕಾಶದ ಉಲಿಯನ್ನು.

ಗುಡುಗನ್ನಾಗಲಿ ಆಕಾಶಗಂಗೆಯನ್ನಾಗಲಿ ಸುಮ್ಮನಿರಿಸುವವರಾರು? ಆದರೆ ಚಟಚಟನೆ ಸಿಡಿಯುವ ಸದ್ದಿಗೆ ಜೇಮ್ಸ್ ಲ್ಯಾಂಬ್ ಎಂಬಾತನು 1936ರಲ್ಲಿ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಉಪಾಯ ಸೂಚಿಸಿದನು. ಸಿಡಿತ ಬಂದ ಕ್ಷಣಮಾತ್ರ ರೇಡಿಯೊ ತಾನೇ ಬಾಯಿ ಮುಚ್ಚುವುದು. ಆ ಬಿಡುವು ಅತ್ಯಲ್ಪವಾದುದರಿಂದ ನಮ್ಮ ಕಿವಿ ಅದನ್ನು ಅರಿಯದು.

ಇಂದಿನ ಮನೆಗಳಲ್ಲಿ ಮಾತ್ರ ಶತ್ರು ಒಳಗೇ ಇದ್ದಾನೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು ಮೊದಲಾದುವುಗಳಲ್ಲಿ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕೂಡಿಸುವ ಮಂಡಲಗಳುಂಟು. ಗದ್ದಲ ಹೊರಡುವುದು ಅಲ್ಲಿಂದ. ಪರೀಕ್ಷೆ ಸುಲಭ. ರೇಡಿಯೊವನ್ನು ಬ್ಯಾಟರಿಯಿಂದ ನಡೆಸಿ, ಇನ್ವರ್ಟರನ್ನೂ ಆರಿಸಿ, ಮನೆಯ ಮೈನ್ ಸ್ವಿಚ್ಚನ್ನು ತೆಗೆಯಿರಿ. ಗದ್ದಲ ಅಡಗಿತೇ? ತಪ್ಪು ಮನೆಯದೇ. ಒಂದೊಂದಾಗಿ ಉಪಕರಣಗಳನ್ನು ಹಚ್ಚುತ್ತಾ ಹೋದರೆ ಕಳ್ಳ ಸಿಕ್ಕುತ್ತಾನೆ. ಅಡಗದಿದ್ದರೆ ಮೂಲ ನೆರೆಮನೆಯಲ್ಲಿಯೋ ಬೀದಿಯ ವಿದ್ಯುತ್ ಕಂಬದಲ್ಲಿಯೋ ಇರಬೇಕು. ಒಣಹವೆಯಲ್ಲಿ ಹೆಚ್ಚಿ ಮಳೆ ಬಿದ್ದಾಗ ತಗ್ಗುವುದಾದರೆ ಕಂಬದ ಮೇಲೆಯೇ ಅನುಮಾನಪಡಬಹುದು. ಅದನ್ನು ನೀವು ಮುಟ್ಟಬಾರದು, ವಿದ್ಯುತ್ ಕಚೇರಿಗೆ ತಿಳಿಸಬೇಕು.

ಏರಿಯಲ್ಲನ್ನು ಮನೆಯೊಳಗೆ ಕಟ್ಟದೆ, ಗೋಡೆಗಳಿಂದಲೂ ವಿದ್ಯುತ್ ತಂತಿಗಳಿಂದಲೂ ದೂರವಾಗಿ ಕಟ್ಟಿರಿ. ಅಲ್ಲಿಂದ ಕವಚವುಳ್ಳ ತಂತಿಯನ್ನು ಒಳಕ್ಕೆ ತನ್ನಿರಿ. ಚಾರ್ಜರಿನ ತಂತಿಯನ್ನು ಫೆರೈಟ್ ಬಳೆಯಲ್ಲಿ ಕೆಲವು ಸುತ್ತು ಸುತ್ತಿರಿ. ಬಳೆಯಾಕಾರದ ಏರಿಯಲ್ಲಾದರೆ ಮೆಲ್ಲನೆ ತಿರುಗಿಸುತ್ತಾ ಗದ್ದಲ ಕುಗ್ಗುವ ದಿಕ್ಕನ್ನು ಕಂಡುಕೊಳ್ಳಬಹುದು. ಸಮೀಪದ ಪ್ರಬಲ ಪ್ರೇಷಕದಿಂದ ರೇಡಿಯೊ ತತ್ತರಿಸುತ್ತಿದ್ದರೆ, ಒಳಬರುವ ಸಂಕೇತವನ್ನೇ ತಗ್ಗಿಸುವುದು ಮದ್ದು. ಕಡಮೆ ಮಾಡಿದರೆ ಚೆನ್ನಾಗಿ ಕೇಳಿಸೀತೆಂಬುದು ವಿಚಿತ್ರವೆನಿಸಿದರೂ ನಿಜ.

ಇಷ್ಟೆಲ್ಲ ಶ್ರಮವೇಕೆಂದು ಕೇಳೀರಿ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹವ್ಯಾಸಿಗಳ ತಂಡವೊಂದು ಪೋರ್ಟ್ ಬ್ಲೇರಿನಲ್ಲಿದ್ದಿತು. ಸಂಪರ್ಕಗಳು ಕಡಿದುಹೋದ ಆ ದ್ವೀಪಗಳ ಜನರ ಯೋಗಕ್ಷೇಮದ ವಾರ್ತೆಯನ್ನು ಅವರು ರೇಡಿಯೊ ಮೂಲಕ ದೇಶಕ್ಕೆ ಮುಟ್ಟಿಸಿದರು. ಅಂಥ ಕರೆ ಬರುವಾಗ ಜೋರಾಗಿ ಬರಬೇಕೆಂಬ ನಿಯಮವಿಲ್ಲ. ಕೂಗುವವನ ಶಕ್ತಿಯನ್ನು ನಾವು ಹೆಚ್ಚಿಸಲಾರೆವು. ನಮ್ಮ ಮನೆಯ ಗದ್ದಲವನ್ನು ತಗ್ಗಿಸಬಲ್ಲೆವು.