ಲಂಬಾಣಿ ಹೆಣ್ಣುಮಕ್ಕಳ ಚರಿತ್ರೆ ಬರೆದವರು ಯಾರು?

2023ರ ಜುಲೈ. ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಕಾರ್ಯಗುಂಪಿನ ಮೂರನೇ ಸಭೆ ನಡೀತಾ ಇತ್ತು. ಅಲ್ಲಿ ಒಂದು ಗಿನ್ನೆಸ್ ದಾಖಲೆ ಆಯ್ತು. ಲಂಬಾಣಿ ಕಸೂತಿಯ 1,755 ವಸ್ತುಗಳು ಒಂದೇ ಪ್ರದರ್ಶನದಲ್ಲಿ! ಇದರ ಹಿಂದೆ ಇದ್ದವರು ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು. ಸುದ್ದಿ ದೇಶವೆಲ್ಲ ಓಡಾಡಿತು. ಆದರೆ ಒಂದು ಪ್ರಶ್ನೆ ಕೇಳ್ತೀನಿ. ಆ 450 ಜನರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತಾ?

ನಾನು ಓದಿದ್ದು ಇಂಜಿನಿಯರಿಂಗ್. ಡೇಟಾ ನೋಡುವಾಗ ನಮಗೆ ಕಲಿಸೋ ಮೊದಲ ಪಾಠ ಇದು: ಅಂಕಿಯನ್ನು ನಂಬುವ ಮೊದಲು, ಅದನ್ನು ಅಳೆದವನು ಯಾರು, ಯಾಕೆ ಅಳೆದ ಅಂತ ಕೇಳು. ಇದೇ ಪ್ರಶ್ನೆಯನ್ನು ಲಂಬಾಣಿಗರ ಚರಿತ್ರೆಗೂ ಕೇಳೋಣ ಬನ್ನಿ.

ಮೊದಲು ಬಂದವನು ಸೈನಿಕ. ಜಾನ್ ಬ್ರಿಗ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬಂಜಾರರ ಬಗ್ಗೆ ಬರೆದ ಪ್ರಬಂಧ 1819ರಲ್ಲಿ ಅಚ್ಚಾಯಿತು. ಅವನಿಗೆ ಯಾಕೆ ಇವರ ಮೇಲೆ ಆಸಕ್ತಿ? ಕಾರಣ ಸರಳ. ಲಾರಿ ಇಲ್ಲ, ರೈಲು ಇಲ್ಲದ ಕಾಲ. ಸಾವಿರಾರು ಹೇರೆತ್ತುಗಳ ಮೇಲೆ ದವಸ, ಉಪ್ಪು ಹೊತ್ತು ಸೈನ್ಯದ ಹಿಂದೆ ನಡೆಯುತ್ತಿದ್ದವರು ಇವರೇ. ಮೊಘಲರಿಗೂ ಇವರೇ ಬೇಕು, ಟಿಪ್ಪು ಮೇಲೆ ಯುದ್ಧಕ್ಕೆ ಹೊರಟ ಕಾರ್ನ್‌ವಾಲಿಸ್‌ಗೂ ಇವರೇ ಬೇಕು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ದಖ್ಖನಿನ ಲಾಜಿಸ್ಟಿಕ್ಸ್ ಪೂರ್ತಿ ತಾಂಡಾಗಳ ಕೈಯಲ್ಲಿತ್ತು.

ಆಮೇಲೆ ರಸ್ತೆ ಬಂತು, ರೈಲು ಬಂತು. ಹೇರೆತ್ತಿನ ಕೆಲಸ ಹೋಯಿತು. ನೆಲೆ ಇಲ್ಲದೆ ಅಲೆಯುವವರ ಮೇಲೆ ಸರ್ಕಾರಕ್ಕೆ ಅನುಮಾನ ಶುರುವಾಯಿತು. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಜಾರಿಗೆ ಬಂತು. ಹುಟ್ಟಿನಿಂದಲೇ ಅಪರಾಧಿ ಅಂತ ಹೇಳುವ ಕಾಯ್ದೆ ಅದು. ಹಲವು ಕಡೆ ಬಂಜಾರರ ಗುಂಪುಗಳೂ ಆ ಪಟ್ಟಿಗೆ ಸೇರಿದವು. ನಿನ್ನೆ ಸೈನ್ಯಕ್ಕೆ ಅನ್ನ ತಂದುಕೊಟ್ಟವರು ಇವತ್ತು ಠಾಣೆಯಲ್ಲಿ ಹಾಜರಿ ಹಾಕಬೇಕು! ಆ ಕಾಯ್ದೆ ರದ್ದಾಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ.

ಮಧ್ಯದಲ್ಲಿ ಮ್ಯೂಸಿಯಂನವರೂ ಬಂದರು. ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ 1909ರಲ್ಲಿ ಏಳು ಸಂಪುಟ ತಂದ. ನಮ್ಮ ಹೊಸಪೇಟೆ, ಕಂಪ್ಲಿ ಎಲ್ಲ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇದ್ದವು. ಲಂಬಾಣಿಗರಿಗೂ ಅದರಲ್ಲಿ ಜಾಗ ಸಿಕ್ಕಿತು. ತಲೆ, ಮೂಗು ಅಳೆದು ಜನರನ್ನು ವಿಂಗಡಿಸುವ ವಿದ್ಯೆ ಥರ್ಸ್ಟನ್‌ನದು. ಹೆಂಗಸರ ಉಡುಪು, ಒಡವೆಯ ವರ್ಣನೆ ಸಿಗುತ್ತೆ. ಆದರೆ ಉಟ್ಟವಳ ಮಾತು?

ಸಮಾಜಶಾಸ್ತ್ರಜ್ಞರು ಬಂದಿದ್ದು ತಡವಾಗಿ. ಬಿ.ಜಿ. ಹಳಬಾರ ಅವರು ಉತ್ತರ ಕರ್ನಾಟಕದ ಲಮಾಣಿಗರ ಆರ್ಥಿಕತೆ ಮತ್ತು ಸಮಾಜ ಬದಲಾಗುತ್ತಿರುವ ರೀತಿಯನ್ನು ಅಧ್ಯಯನ ಮಾಡಿ 1986ರಲ್ಲಿ ಇಂಗ್ಲಿಷ್ ಪುಸ್ತಕ ತಂದರು. ತಾಂಡಾ ಎಂದರೆ ಪೊಲೀಸ್ ಫೈಲ್ ಅಲ್ಲ, ಅದೂ ಒಂದು ಬದುಕಿನ ವ್ಯವಸ್ಥೆ ಅಂತ ನೋಡುವ ಕಣ್ಣು ಇಲ್ಲಿತ್ತು. 2000ದಲ್ಲಿ ಡಿ.ಬಿ. ನಾಯಕ ಅವರು ಬಂಜಾರರ ಕಲೆ ಮತ್ತು ಸಾಹಿತ್ಯದ ಮೇಲೆ ಪುಸ್ತಕ ಬರೆದರು. ಅವರು ಹೊರಗಿನವರಲ್ಲ, ಅದೇ ಸಮುದಾಯದವರು. ಮುಂದೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಇತ್ತ ಹಂಪಿ ಪಕ್ಕದಲ್ಲೇ 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾಗಿತ್ತು. ಅಲ್ಲಿ ಬುಡಕಟ್ಟು ಅಧ್ಯಯನಕ್ಕೂ ಒಂದು ವಿಭಾಗ, ಮಹಿಳಾ ಅಧ್ಯಯನಕ್ಕೂ ಒಂದು ವಿಭಾಗ.

ಒಳಗಿನವರು ಬರೆದರೆ ಏನು ವ್ಯತ್ಯಾಸ? ಇದಕ್ಕೆ ಅಮೆರಿಕದ ಉದಾಹರಣೆ ಕೊಡ್ತೀನಿ. ಜಾಯ್ಸ್ ಲ್ಯಾಡ್ನರ್ ಮಿಸಿಸಿಪ್ಪಿಯ ಕಪ್ಪು ಸಮುದಾಯದ ಹೆಣ್ಣುಮಗಳು. ನಾಗರಿಕ ಹಕ್ಕುಗಳ ಚಳವಳಿಯಿಂದ ಬಂದವರು. ಸೇಂಟ್ ಲೂಯಿಸ್ ನಗರದ ಬಡ ಕಪ್ಪು ಹುಡುಗಿಯರ ಜೊತೆ ಮಾತಾಡಿ, ಅವರು ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿ 1971ರಲ್ಲಿ 'ಟುಮಾರೋಸ್ ಟುಮಾರೋ' ಎಂಬ ಪುಸ್ತಕ ತಂದರು. ಅವರು ಓದಿದ್ದ ಸಮಾಜಶಾಸ್ತ್ರ ಆ ಹುಡುಗಿಯರನ್ನು ದಾರಿ ತಪ್ಪಿದವರು ಅಂತ ನೋಡಲು ಕಲಿಸಿತ್ತು. ಲ್ಯಾಡ್ನರ್ ಅದನ್ನು ಒಪ್ಪಲಿಲ್ಲ. ಬಡತನ, ವರ್ಣಭೇದದ ನಡುವೆ ಬದುಕಲು ಅವರು ಕಂಡುಕೊಂಡ ಶಕ್ತಿ ಏನು ಅಂತ ಕೇಳಿದರು. ಪುಸ್ತಕ ಬರೆದು ಕೂರಲೂ ಇಲ್ಲ. 1994ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ಹಂಗಾಮಿ ಅಧ್ಯಕ್ಷೆಯಾದರು. ನಂತರ ವಾಷಿಂಗ್ಟನ್ ನಗರದ ಹಣಕಾಸು ಸರಿಪಡಿಸುವ ಮಂಡಳಿಯಲ್ಲೂ ಕೆಲಸ ಮಾಡಿದರು.

ಈಗ ಸಂಡೂರಿಗೆ ಬನ್ನಿ. ಲಂಬಾಣಿ ಹೆಣ್ಣುಮಕ್ಕಳ ಗೋರ್ ಬೋಲಿಗೆ ಸ್ವಂತ ಲಿಪಿ ಇಲ್ಲ. ಆದ್ದರಿಂದ ಅವರ ದಾಖಲೆ ಎರಡು ಕಡೆ ಇದೆ. ಒಂದು, ಹಾಡು. ಹೋಳಿಗೆ ಲೆಂಗಿ ಹಾಡು. ಮದುವೆಯಾಗಿ ಹೊರಟ ಹುಡುಗಿ ಬಂಧುಗಳನ್ನು ತಬ್ಬಿಕೊಂಡು ಅಳುತ್ತಾ ಹೇಳುವ ಢಾವಲೋ. ಇನ್ನೊಂದು, ಬಟ್ಟೆ. ಫೇಟಿಯಾ, ಕಾಂಚಳಿ ಮೇಲೆ ಕನ್ನಡಿ, ಕವಡೆ, ನಾಣ್ಯ, ಬಣ್ಣದ ತೇಪೆ. ಎತ್ತಿನ ಕೊಂಬಿನ ಗವಸಿಗೂ ಇದೇ ಕಸೂತಿ. ಎತ್ತಿನ ಸಾಲು ಹೋದ ಮೇಲೂ ಹೊಲಿಗೆ ಉಳಿಯಿತು. ಅಮ್ಮನ ಕೈ ನೋಡಿ ಮಗಳು ಕಲಿತಳು, ಅಷ್ಟೇ. ಪಠ್ಯಪುಸ್ತಕ ಇರಲಿಲ್ಲ.

ಈ ಕಲೆಯಿಂದ ಸಂಬಳ ಹುಟ್ಟಬಹುದು ಅನ್ನೋದನ್ನು ತೋರಿಸಿದ್ದು ಕುಶಲ ಕಲಾ ಕೇಂದ್ರ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಇದು ಸಣ್ಣ ಮಾತಲ್ಲ. ಯಾಕೆಂದರೆ ಇಲ್ಲಿ ಹೆಣ್ಣುಮಕ್ಕಳ ಮುಂದಿದ್ದ ಇನ್ನೊಂದು ದಾರಿ ಗಣಿಯಲ್ಲಿ ಅದಿರು ಒಡೆಯುವುದು, ಅಥವಾ ಕಬ್ಬು ಕಡಿಯಲು ಗುಳೆ ಹೋಗುವುದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಕೂಲಿಯವರ ಕೆಲಸ ಒಂದೇ ಏಟಿಗೆ ಹೋಯಿತು. ಸೂಜಿಗೆ ಮಾತ್ರ ಯಾವ ತಡೆಯಾಜ್ಞೆಯೂ ಬರಲಿಲ್ಲ.

ಆದರೂ ನನ್ನ ತಕರಾರು ಇದೆ. ಸೈನಿಕ ಬರೆದ, ಪೊಲೀಸ್ ಬರೆದ, ಮ್ಯೂಸಿಯಂನವನು ಬರೆದ, ಪ್ರೊಫೆಸರ್ ಬರೆದರು. ಸೂಜಿ ಹಿಡಿದವಳ ಸರದಿ ಇನ್ನೂ ಬರಬೇಕು. ಅಜ್ಜಿಯ ಢಾವಲೋ ರೆಕಾರ್ಡ್ ಮಾಡಿಕೊಂಡು, ಯಾವ ಹೊಲಿಗೆಗೆ ಏನು ಹೆಸರು ಅಂತ ಅಮ್ಮನನ್ನೇ ಕೇಳಿ, ತಾಂಡಾದ ಹುಡುಗಿಯೇ ಪಿಎಚ್‌ಡಿ ಬರೆಯಬೇಕು. ಬರೆದು ತಾಂಡಾಕ್ಕೆ ವಾಪಸ್ಸೂ ಬರಬೇಕು. ಸಂಡೂರಿನಿಂದ ವಿದ್ಯಾರಣ್ಯಕ್ಕೆ ಬಸ್ಸಿನಲ್ಲಿ ಹೋಗಿಬರಬಹುದು. ಅಷ್ಟು ಹತ್ತಿರ ಇದೆ ವಿಶ್ವವಿದ್ಯಾಲಯ. ಫೆಲೋಶಿಪ್ ಹಣ ತಿಂಗಳು ತಿಂಗಳು ಸರಿಯಾಗಿ ಕೈಸೇರುವ ಹಾಗೆ ನೋಡಿಕೊಳ್ಳುವುದು ಸರ್ಕಾರದ ಕೆಲಸ.

ಮುಂದಿನ ಸಲ ನೀವು ಹಂಪಿಗೆ ಹೋದಾಗ ಲಂಬಾಣಿ ತಾಯಿಯೊಬ್ಬರು ಕನ್ನಡಿ ಚೀಲ ಹಿಡಿದು ಎದುರಿಗೆ ಬರಬಹುದು. ಚೌಕಾಸಿಗೆ ಇಳಿಯುವ ಮೊದಲು ಒಂದು ಕೆಲಸ ಮಾಡಿ. ಈ ಹೊಲಿಗೆಯ ಹೆಸರೇನಮ್ಮಾ, ನಿಮಗೆ ಯಾರು ಕಲಿಸಿದ್ರು ಅಂತ ಕೇಳಿ. ಅವರ ಹೆಸರನ್ನೂ ಕೇಳಿ.