ಕಾವಲಿಯ ಮುಂದಿನ ನಾಟಕ

ಅಮೆರಿಕದ ದೊಡ್ಡ ಊರುಗಳಲ್ಲಿ ಇಂದಿಗೂ ಕಾಣಸಿಗುವ ದೃಶ್ಯವಿದು. ಎಂಟು ಮಂದಿ, ಪರಸ್ಪರ ಪರಿಚಯವಿರಲಿ ಇಲ್ಲದಿರಲಿ, ಒಂದು ದೊಡ್ಡ ಕಬ್ಬಿಣದ ಕಾವಲಿಯ ಸುತ್ತ ಕುಳಿತಿರುತ್ತಾರೆ. ಎತ್ತರದ ಟೋಪಿಯಿಟ್ಟ ಜಪಾನೀ ಶೈಲಿಯ ಬಾಣಸಿಗನೊಬ್ಬ ಬಂದು ನಡು ಬಾಗಿಸಿ ವಂದಿಸುತ್ತಾನೆ. ಮರುಕ್ಷಣವೇ ಅವನ ಕೈಯ ಚೂರಿ ಗಿರಗಿರನೆ ತಿರುಗತೊಡಗುತ್ತದೆ; ಸಿಗಡಿಯ ಬಾಲ ಗಾಳಿಯಲ್ಲಿ ಹಾರಿ ಅವನ ಟೋಪಿಯೊಳಗೇ ಬೀಳುತ್ತದೆ; ಈರುಳ್ಳಿಯ ಬಿಲ್ಲೆಗಳನ್ನು ಗೋಪುರದಂತೆ ಪೇರಿಸಿ, ಎಣ್ಣೆ ಹೊಯ್ದು, ಬೆಂಕಿ ಮುಟ್ಟಿಸಿದನೆಂದರೆ ಅದೊಂದು ಜ್ವಾಲಾಮುಖಿ! ಮಕ್ಕಳು ಕೇಕೆ ಹಾಕುತ್ತವೆ, ಹಿರಿಯರು ಚಪ್ಪಾಳೆ ತಟ್ಟುತ್ತಾರೆ. ಪುರಾತನವಾದ ಜಪಾನೀ ಸಂಪ್ರದಾಯವೊಂದನ್ನು ಕಣ್ಣಾರೆ ಕಂಡೆವೆಂಬ ತೃಪ್ತಿಯಿಂದ ಮನೆಗೆ ಮರಳುವವರೂ ಉಂಟು.

ಇತಿಹಾಸ ಹೇಳುವ ಕಥೆ ಬೇರೆ. ಆ ಕಾವಲಿಯ ಮೇಲೆ ಚುರುಗುಟ್ಟುವ ದನದ ಮಾಂಸ ಹಳೆಯ ಜಪಾನಿನಲ್ಲಿ ನಿಷಿದ್ಧವಾಗಿದ್ದ ವಸ್ತು. 675ರಲ್ಲಿ ತೆಮ್ಮು ಚಕ್ರವರ್ತಿ ಒಂದು ಆಜ್ಞೆ ಹೊರಡಿಸಿದ. ವರ್ಷದ ನಾಲ್ಕನೆಯ ತಿಂಗಳಿನಿಂದ ಒಂಬತ್ತನೆಯ ತಿಂಗಳವರೆಗೆ ದನ, ಕುದುರೆ, ನಾಯಿ, ಕೋತಿ, ಕೋಳಿ ಇವುಗಳನ್ನು ಯಾರೂ ತಿನ್ನಕೂಡದು. ನಮ್ಮ ದೇಶದಿಂದ ಹೊರಟು ಚೀನಾ, ಕೊರಿಯಾಗಳ ಮಾರ್ಗವಾಗಿ ಅಲ್ಲಿಗೆ ಮುಟ್ಟಿದ್ದ ಬೌದ್ಧಧರ್ಮದ ಪ್ರಭಾವ ಇದರಲ್ಲಿತ್ತು. ಆ ತಿಂಗಳುಗಳು ಬೇಸಾಯದ ತಿಂಗಳುಗಳೆಂಬುದನ್ನೂ ಮರೆಯಬಾರದು. ಮುಂದಿನ ಶತಮಾನಗಳಲ್ಲಿ ಇಂಥ ಕಟ್ಟಳೆಗಳು ಮತ್ತೆ ಮತ್ತೆ ಬಂದವು. ಮೀನಿಗೆ ಮಾತ್ರ ಅಡ್ಡಿಯಿರಲಿಲ್ಲ.

ಹಾಗೆಂದು ನಾಲಗೆ ಸುಮ್ಮನಿರುತ್ತದೆಯೆ? ಕಾಡುಹಂದಿಗೆ 'ಬೆಟ್ಟದ ತಿಮಿಂಗಿಲ'ವೆಂದು ಹೆಸರಿಟ್ಟು ಅದನ್ನು ಮೀನಿನ ಜಾತಿಗೆ ಸೇರಿಸಿಕೊಂಡರು! ಕುದುರೆಯ ಮಾಂಸ 'ಚೆರಿ ಹೂ' ಆಯಿತು. ಶಾಸ್ತ್ರವೂ ಉಳಿಯಿತು, ರುಚಿಯೂ ಉಳಿಯಿತು.

1868ರಲ್ಲಿ ಮೆಯಿಜಿ ಆಳ್ವಿಕೆ ಮೊದಲಾದ ಮೇಲೆ ಗಾಳಿ ತಿರುಗಿತು. ಪಾಶ್ಚಾತ್ಯರ ಬಲ ಅವರ ಆಹಾರದಲ್ಲಿದೆಯೆಂಬ ನಂಬಿಕೆ ಹರಡಿತು. 1872ರಲ್ಲಿ ಸ್ವತಃ ಚಕ್ರವರ್ತಿಯೇ ದನದ ಮಾಂಸ ತಿಂದ ಸುದ್ದಿ ಪ್ರಕಟವಾಯಿತು. ಅದೇ ವರ್ಷ, ದೇಶದ ಚೈತನ್ಯವೇ ಕೆಡುತ್ತಿದೆಯೆಂದು ಕುದಿದ ಪರ್ವತಸಾಧಕರ ಒಂದು ಗುಂಪು ಅರಮನೆಗೆ ನುಗ್ಗಲು ಹೋಗಿ, ಅವರಲ್ಲಿ ಹಲವರು ಕಾವಲುಗಾರರ ಕೈಯಲ್ಲಿ ಮಡಿದರು. ಒಂದು ತುತ್ತಿನ ಪ್ರಶ್ನೆ ಪ್ರಾಣದ ಪ್ರಶ್ನೆಯೂ ಆಗಿತ್ತು.

ಇನ್ನು ಕಾವಲಿಯ ವಿಷಯ. ದಪ್ಪನೆಯ ಕಬ್ಬಿಣದ ಹಲಗೆಯ ಮೇಲೆ ಗಿರಾಕಿಯ ಕಣ್ಣೆದುರಿನಲ್ಲೇ ಮಾಂಸ ಬೇಯಿಸುವ ಈ ಪದ್ಧತಿಗೆ 'ತೆಪ್ಪನ್‌ಯಾಕಿ' ಎಂದು ಹೆಸರು. ಇದನ್ನು ಮೊದಲು ಆರಂಭಿಸಿದ ಕೀರ್ತಿ ಕೋಬೆ ನಗರದ 'ಮಿಸೊನೊ' ಎಂಬ ಹೋಟೆಲಿಗೆ ಸಲ್ಲುತ್ತದೆ. ಅದು ತೆರೆದದ್ದು 1945ರಲ್ಲಿ. ಆ ವರ್ಷವನ್ನು ವಾಚಕರು ಗಮನಿಸಬೇಕು. ಅದೇ ವರ್ಷದ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಅಮೆರಿಕದ ವಿಮಾನಗಳು ಕೋಬೆಯನ್ನು ಸುಟ್ಟಿದ್ದವು. ಹೊಸ ಪದ್ಧತಿಯನ್ನು ಜಪಾನೀಯರಿಗಿಂತ ಹೆಚ್ಚಾಗಿ ಮೆಚ್ಚಿದವರು ಪರದೇಶದವರು, ಅದರಲ್ಲೂ ಗೆದ್ದು ಬಂದು ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು. ಸುಟ್ಟ ಊರಿನ ಅಡಿಗೆಯವನು, ಸುಟ್ಟವರ ಮುಂದೆ ನಿಂತು, ಬೆಂಕಿಯಿಂದಲೇ ಅವರನ್ನು ರಂಜಿಸಿದ!

ಮುಂದಿನ ಅಂಕ ನಡೆದದ್ದು ನ್ಯೂಯಾರ್ಕಿನಲ್ಲಿ. ಕುಸ್ತಿಪಟುವಾಗಿ ಅಮೆರಿಕಕ್ಕೆ ಬಂದಿದ್ದ ಹಿರೋಆಕಿ ಅವೋಕಿ ಎಂಬ ತರುಣ, ಹಾರ್ಲೆಮ್ಮಿನ ಬೀದಿಗಳಲ್ಲಿ ಐಸ್‌ಕ್ರೀಂ ಮಾರಿ ಹಣ ಕೂಡಿಸಿ, 1964ರಲ್ಲಿ 56ನೆಯ ಬೀದಿಯಲ್ಲಿ ನಾಲ್ಕೇ ಮೇಜುಗಳ 'ಬೆನಿಹಾನ' ತೆರೆದ. ಒಳಾಂಗಣವನ್ನು ಜಪಾನಿನ ಹಳ್ಳಿಮನೆಯಂತೆ ಸಿಂಗರಿಸಿದ. ಊಟವನ್ನು ಮಾತ್ರ ಅಮೆರಿಕದ ನಾಲಗೆ ಬಲ್ಲ ದನದ ಮಾಂಸ, ಕೋಳಿ, ಸಿಗಡಿಗಳಿಗೆ ಸೀಮಿತಗೊಳಿಸಿದ. ಮೇಜೇ ಒಲೆಯಾದ್ದರಿಂದ ದೊಡ್ಡ ಅಡಿಗೆಮನೆಯ ಖರ್ಚು ಉಳಿಯಿತು. ಪದಾರ್ಥ ಕೆಲವೇ ಆದ್ದರಿಂದ ಹಾಳಾಗುವುದೂ ಕಡಿಮೆಯಾಯಿತು. ನಾಟಕದ ಹಿಂದೆ ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಅಮೆರಿಕದವರು ಈ ಮೇಜಿಗೆ 'ಹಿಬಾಚಿ' ಎಂಬ ಹೆಸರಿಟ್ಟರು. ನಿಜವಾದ ಹಿಬಾಚಿಯೋ, ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳುವ ಕೆಂಡದ ಅಗ್ಗಿಷ್ಟಿಕೆ!

ಹಾಗಾದರೆ ಇದೆಲ್ಲ ಬರಿಯ ವೇಷವೆ? ಅಷ್ಟು ಸುಲಭವಾಗಿ ತಳ್ಳಿಬಿಡಲು ನನಗೆ ಮನಸ್ಸಿಲ್ಲ. 1942ರಿಂದ ಅಮೆರಿಕದ ಸರ್ಕಾರ ಸುಮಾರು 1,20,000 ಜಪಾನೀ ಮೂಲದವರನ್ನು ಬೇಲಿಯೊಳಗಿನ ಶಿಬಿರಗಳಿಗೆ ನೂಕಿತ್ತು. ಅವರಲ್ಲಿ ಮೂರನೆಯ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ಆ ಶಿಬಿರಗಳು ಮುಚ್ಚಿ ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದೇ ದೇಶದ ಜನ ಜಪಾನೀ ಬಾಣಸಿಗನ ಮುಂದೆ, ಅವನ ಕೈಯ ಚೂರಿಗೆ ಹೆದರದೆ, ಮಕ್ಕಳನ್ನು ಕೂರಿಸಿಕೊಂಡು ನಕ್ಕರು. ರಾಯಭಾರಿಗಳು ಮಾಡಲಾಗದ ಕೆಲಸವನ್ನು ಒಂದು ಕಾವಲಿ ಅಷ್ಟಿಷ್ಟು ಮಾಡಿತು. ಆದರೆ ಆ ನಗುವಿಗಾಗಿ ಬಾಣಸಿಗ ತನ್ನ ನಾಡಿನದಲ್ಲದ ಕುಣಿತವನ್ನು ತನ್ನದೆಂದು ಕುಣಿಯಬೇಕಾಯಿತು. ಲಾಭವನ್ನು ಎಣಿಸುವಾಗ ಈ ಬೆಲೆಯನ್ನೂ ಎಣಿಸಬೇಕು.

ಬೆನಿಹಾನ ಎಂದರೆ ಕುಸುಬೆಯ ಹೂ; ನಮ್ಮ ಉತ್ತರದ ಎರೆಹೊಲಗಳಲ್ಲಿ ಅರಳುವ ಅದೇ ಮುಳ್ಳುಗಿಡದ ಹೂ. ಯುದ್ಧ ಮುಗಿದ ಮೇಲೆ ಟೋಕಿಯೋದ ಸುಟ್ಟ ಬೀದಿಯಲ್ಲಿ ಅದೊಂದು ಅರಳಿದ್ದನ್ನು ಕಂಡು ಅವೋಕಿಯ ತಂದೆ ತನ್ನ ಅಂಗಡಿಗೆ ಆ ಹೆಸರಿಟ್ಟನೆಂದು ಆ ಮನೆತನದ ಕಥೆ. ಈರುಳ್ಳಿಯ ಜ್ವಾಲಾಮುಖಿಗೆ ಚಪ್ಪಾಳೆ ತಟ್ಟುವವರಿಗೆ ಆ ಬೂದಿಯ ಬೀದಿಯನ್ನು ತೋರಿಸುವವರು ಯಾರು?