ಬೆಂಗಳೂರಿನ ಸಾಲುಮರಗಳು

ಬೆಂಗಳೂರಿನ ರಸ್ತೆಗಳ ಇಕ್ಕೆಲದಲ್ಲಿರುವ ನೆರಳುಮರಗಳಲ್ಲಿ ಬಹುಪಾಲು ತಾವಾಗಿ ಹುಟ್ಟಿದವಲ್ಲ, ಜನರು ನೆಟ್ಟು, ನೀರೆರೆದು ಬೆಳೆಸಿದವು. ಈ ಪದ್ಧತಿ ಬಹಳ ಹಳೆಯದು. ಜನರಿಗೂ ದನಕರುಗಳಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದ್ದಾಗಿ ಅಶೋಕನ ಏಳನೆಯ ಸ್ತಂಭಶಾಸನ ಹೇಳುತ್ತದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಮಾವು, ನೇರಳೆ, ಹಲಸಿನ ಗುಂಡುತೋಪುಗಳು ದಾರಿಹೋಕರಿಗೆ ತಂಗುದಾಣಗಳಾಗಿದ್ದವು.

ನಗರದ ಸಾಲುಮರಗಳಿಗೆ ಇಂದಿನ ರೂಪ ಕೊಟ್ಟವರಲ್ಲಿ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ (1865–1956) ಪ್ರಮುಖರು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ದುಡಿದು, ಬರೋಡಾ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಅವರು 1908ರಲ್ಲಿ ಲಾಲ್‌ಬಾಗಿಗೆ ಬಂದರು. ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕೆಂಬುದು ಅವರ ಯೋಜನೆ. ಜಕರಂಡಾ, ಗುಲ್‌ಮೊಹರ್, ಮಳೆಮರದಂಥ ಪರದೇಶಿ ಮರಗಳು ಬೆಂಗಳೂರಿನವೇ ಆಗಿಹೋದವು.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಮುಂದಾಳತ್ವದಲ್ಲಿ ಹೊಸ ಬಡಾವಣೆಗಳಿಗೂ ಹಸಿರು ಬಂತು. ಆಗ ನೆಟ್ಟ ಸಸಿಗಳು ಸುಮಾರು 15 ಲಕ್ಷ. ಸಾಲುಮರ ಆರಿಸುವಾಗ ಚಂದಕ್ಕಿಂತ ನೆರಳಿಗೆ ಒತ್ತು ಕೊಟ್ಟರೆ ಹೊಂಗೆಯನ್ನು ಮೀರಿಸುವ ಮರ ಕಡಿಮೆ. ಚಳಿ ಮುಗಿಯುತ್ತಿದ್ದಂತೆ ಎಲೆ ಉದುರಿಸಿ ಬೋಳಾಗುವ ಅದು, ಬಿಸಿಲು ಏರುವಷ್ಟರಲ್ಲಿ ಎಳೆಹಸಿರು ಚಿಗುರಿನಿಂದ ತುಂಬಿಕೊಳ್ಳುತ್ತದೆ. ಏಪ್ರಿಲ್‌ನ ಉರಿಯಲ್ಲಿ ಅದರಡಿ ದಟ್ಟ ನೆರಳಿರುತ್ತದೆ.

ಮರ ತಂಪು ಕೊಡುವುದು ಎರಡು ಬಗೆಯಲ್ಲಿ: ಬಿಸಿಲು ಗೋಡೆಗೂ ಡಾಂಬರಿಗೂ ತಾಗದಂತೆ ತಡೆಯುತ್ತದೆ, ಎಲೆಗಳಿಂದ ನೀರಾವಿ ಬಿಟ್ಟು ಗಾಳಿಯ ಬಿಸಿ ತಗ್ಗಿಸುತ್ತದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಮೇಲ್ಮೈ ಉಷ್ಣಾಂಶ 27.5 ಡಿಗ್ರಿಯವರೆಗೂ ಕಡಿಮೆ. ತಳ್ಳುಗಾಡಿಯವರು, ಹೂ ಮಾರುವವರು ಮರದಡಿಯನ್ನೇ ಹುಡುಕಿ ನಿಲ್ಲುವುದೇಕೆಂದು ಈ ಅಂಕಿಗಳೇ ಹೇಳುತ್ತವೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೂ ರಸ್ತೆ ಅಗಲೀಕರಣ, ಮೆಟ್ರೋ ಕಾಮಗಾರಿಗಳಿಗೆ ಹಳೆಯ ಮರಗಳು ಉರುಳಿವೆ. ಅವುಗಳ ಬದಲಿಗೆ ನೆಟ್ಟ ಸಸಿ ಅಷ್ಟೇ ನೆರಳು ಕೊಡಲು ದಶಕಗಳು ಬೇಕು. ಎಣಿಕೆಗೆ ಎಣಿಕೆ ಸರಿಹೊಂದಿದರೆ ನಷ್ಟ ತುಂಬಿತೆನ್ನುವ ಲೆಕ್ಕ ತಪ್ಪು. ಉಳಿದವುಗಳ ಬುಡದವರೆಗೂ ಕಾಂಕ್ರೀಟ್ ಸುರಿದರೆ ಬೇರಿಗೆ ಮಳೆನೀರು ಇಳಿಯುವುದಿಲ್ಲ.

ಇಳಿಹೊತ್ತಿನ ಬಿಸಿಲು ಬೀಳುವ ಮನೆಯ ಪಡುವಣಕ್ಕೆ ಒಂದಿಷ್ಟು ಮಣ್ಣಿನ ಜಾಗವಿದ್ದವರು ಮುಂಗಾರಿನಲ್ಲಿ ಹೊಂಗೆ ಸಸಿ ನೆಟ್ಟು, ಮೊದಲ ಎರಡು ಮೂರು ಬೇಸಿಗೆ ತಪ್ಪದೆ ನೀರು ಹಾಕಲಿ.